ಸಂಪಾದಕರ ಉತ್ತರ: ಪಟ್ಟವೇರಿದವರು, ಪದವಿ ನಡೆಸಿದವರು

ಮಾನ್ಯರೇ,

ರಾಜ್ಯವಾಳಿದ ಮಹಿಳೆಯರನ್ನು ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ತಾವು ಸಿಂಧನೂರಿನಿಂದ ಬರೆದ ಪತ್ರ ತಲುಪಿದೆ. ತಮ್ಮ ವಾದವನ್ನು ಇತರ ಓದುಗರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಹೆಣ್ಣು ಸಿಂಹಾಸನವೇರಿದ್ದು ಗಂಡು ಸಂತಾನವಿಲ್ಲದಾಗ, ಇಲ್ಲವೇ ಪಟ್ಟಕ್ಕೆ ಬರಬೇಕಾದ ಹುಡುಗ ಇನ್ನೂ ಚಿಕ್ಕವನಿದ್ದಾಗ ಮಾತ್ರ. ಆಗಲೂ ರಾಜ್ಯಭಾರ ನಡೆಸಿದವರು ಮಂತ್ರಿಗಳು ಮತ್ತು ದಂಡನಾಯಕರು. ಇಂದು ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಗಂಡ ಬಂದು ಕೂರುವುದು ಅದೇ ಪದ್ಧತಿಯ ಮುಂದುವರಿಕೆ. ಹೀಗಿರುವಾಗ ಪತ್ರಿಕೆಯು ಇಲ್ಲದ ಪರಂಪರೆಯೊಂದನ್ನು ಹೆಣ್ಣುಮಕ್ಕಳಿಗೆ ಕಟ್ಟಿಕೊಡುವುದು ಸರಿಯಲ್ಲ, ಈ ಲೇಖನಮಾಲೆಯನ್ನು ನಿಲ್ಲಿಸಬೇಕು ಎಂದು ತಾವು ಬರೆದಿದ್ದೀರಿ. ನಿವೃತ್ತ ಶಿಕ್ಷಕರಾದ ತಾವು ಓದಿ, ಯೋಚಿಸಿ ಬರೆದಿರುವುದರಿಂದ ನಾಲ್ಕು ಸಾಲಿನ ಉತ್ತರ ಸಾಲದು ಎನಿಸಿತು.

ತಮ್ಮ ಮೊದಲ ಮಾತಿನಲ್ಲಿ ಸತ್ಯಾಂಶವಿದೆ. ವಿಜಯಪುರದ ಒಂದನೇ ಅಲಿ ಆದಿಲ್‌ಶಾಹ 1580ರಲ್ಲಿ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹಿಂ ಇನ್ನೂ ಒಂಬತ್ತು ವರ್ಷದ ಬಾಲಕ. ಆಗ ಅಧಿಕಾರದ ಹೊಣೆ ಹೊತ್ತವಳು ಅಲಿಯ ವಿಧವೆ ಚಾಂದ್‌ಬೀಬಿ. ನಮ್ಮ ರಾಯಚೂರು ಕೋಟೆಯೂ ಆ ಹೊತ್ತಿಗೆ ವಿಜಯಪುರಕ್ಕೆ ಸೇರಿತ್ತು. ಸರದಾರರ ಒಳಜಗಳದಲ್ಲಿ ಅವಳನ್ನು ಸಾತಾರಾ ಕೋಟೆಯಲ್ಲಿ ಸೆರೆಯಿಟ್ಟದ್ದೂ ಉಂಟು. ಮುಂದೆ ತವರಾದ ಅಹಮದ್‌ನಗರದಲ್ಲಿ, 1595–96ರ ಮೊಘಲ್ ಮುತ್ತಿಗೆಯ ಕಾಲದಲ್ಲಿ, ಕೋಟೆಯ ರಕ್ಷಣೆಗೆ ನಿಂತಾಗಲೂ ಅವಳು ಆಳಿದ್ದು ಒಬ್ಬ ಬಾಲಕನ ಹೆಸರಿನಲ್ಲಿಯೇ. ಇದೆಲ್ಲ ನಿಜ. ಆದರೆ ಗಂಡು ಅರಸರು ಪಟ್ಟಕ್ಕೆ ಬಂದದ್ದು ಹೇಗೆ? ತಂದೆಯ ಸಾವಿನಿಂದ, ಅಣ್ಣನ ಅಕಾಲ ಮರಣದಿಂದ, ದತ್ತು ಸ್ವೀಕಾರದಿಂದ, ಕೆಲವೊಮ್ಮೆ ಸೋದರನ ಕೊಲೆಯಿಂದ. ಹುಟ್ಟಿನ ಆಕಸ್ಮಿಕದಿಂದ ಬಂದ ರಾಜ್ಯವನ್ನು ಗಂಡಸು ಆಳಿದರೆ ಅದು ಪರಂಪರೆ, ಹೆಂಗಸು ಆಳಿದರೆ ಅದು ಅಪವಾದ ಎಂದು ಎರಡು ಅಳತೆಗೋಲು ಹಿಡಿಯುವುದು ನ್ಯಾಯವಲ್ಲ. ಪಟ್ಟಕ್ಕೆ ಬಂದ ದಾರಿಗಿಂತ, ಬಂದ ಮೇಲೆ ಆಕೆ ಮಾಡಿದ ಕೆಲಸವನ್ನು ನೋಡಬೇಕು.

ಕಾಕತೀಯರ ರುದ್ರಮದೇವಿಯನ್ನು ನೋಡೋಣ. ಗಣಪತಿದೇವನಿಗೆ ಗಂಡುಮಕ್ಕಳಿರಲಿಲ್ಲ. ಅವನು ಮಗಳನ್ನೇ ಉತ್ತರಾಧಿಕಾರಿಯಾಗಿ ಬೆಳೆಸಿದ. ಶಾಸನಗಳಲ್ಲಿ ಅವಳಿಗೆ ರುದ್ರದೇವ ಮಹಾರಾಜ ಎಂಬ ಗಂಡು ಹೆಸರೂ ಇದೆ. ಸುಮಾರು 1262ರಿಂದ 1289ರವರೆಗೆ ಓರುಗಲ್ಲಿನಿಂದ, ಅಂದರೆ ಇಂದಿನ ವಾರಂಗಲ್‌ನಿಂದ, ಆಳಿದ ಆಕೆ ದೇವಗಿರಿಯ ಯಾದವರ ದಾಳಿಯನ್ನು ಹಿಮ್ಮೆಟ್ಟಿಸಿದಳು. ಬೀದರ್ ಕೋಟೆಯಲ್ಲಿ ಸಿಕ್ಕ ಶಾಸನದ ತುಂಡೊಂದರಲ್ಲಿ ಅವಳ ಅಧೀನನಾಗಿದ್ದ ಸಿಂದ ವಂಶದ ಭೈರವನ ಹೆಸರಿದೆ. ಮಾರ್ಕೊ ಪೋಲೊ ತನ್ನ ಪ್ರವಾಸ ಕಥನದಲ್ಲಿ ಈ ಭಾಗದ ರಾಣಿಯೊಬ್ಬಳ ನ್ಯಾಯನಿಷ್ಠೆಯನ್ನು ಹೊಗಳುತ್ತಾನೆ. ಆ ರಾಣಿ ರುದ್ರಮಳೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಅವನು ಅವಳನ್ನು ಸತ್ತ ಅರಸನ ವಿಧವೆಯೆಂದು ಬರೆದಿದ್ದಾನೆ. ಆಳುವ ಹೆಣ್ಣೆಂದರೆ ಅರಸನೊಬ್ಬನ ಹೆಂಡತಿಯೇ ಇರಬೇಕೆಂಬ ಎಣಿಕೆ ಅಷ್ಟು ಗಟ್ಟಿಯಾಗಿತ್ತು. ಅವಳು ಸತ್ತ ಸುದ್ದಿ ನಮಗೆ ತಿಳಿದದ್ದು ನಲ್ಗೊಂಡ ಸೀಮೆಯ ಚಂದುಪಟ್ಲದ 1289ರ ಶಾಸನದಿಂದ. ರುದ್ರಮದೇವಿ ಮತ್ತು ಅವಳ ಸೇನಾನಿ ಮಲ್ಲಿಕಾರ್ಜುನ ನಾಯಕ ಶಿವಲೋಕಕ್ಕೆ ಸಂದರೆಂದು, ಅವರ ಪುಣ್ಯಾರ್ಥವಾಗಿ ಆ ನಾಯಕನ ಸೇವಕನೊಬ್ಬ ಭೂಮಿಯನ್ನು ದಾನ ಕೊಟ್ಟ ದಾಖಲೆ ಅದು. ಇಪ್ಪತ್ತೇಳು ವರ್ಷ ರಾಜ್ಯವಾಳಿದವಳ ಮರಣವನ್ನು ಉಳಿಸಿದ್ದು ಒಬ್ಬ ಸೇವಕನ ಕೃತಜ್ಞತೆ.

ರಾಯಚೂರಿನವರಿಗೆ ಈ ಕಥೆ ಪರಕೀಯವಲ್ಲ. ನಮ್ಮ ಕೋಟೆಯ ಪಶ್ಚಿಮದ ಗೋಡೆಯಲ್ಲಿ ನಲವತ್ತು ಅಡಿಗೂ ಮೀರಿದ ಉದ್ದದ ಒಂದೇ ಬಂಡೆಯಿದೆ. ಅದರ ಮೇಲಿನ 1294ರ ಶಾಸನವು ಈ ಕೋಟೆಯನ್ನು ಕಟ್ಟಿಸಿದ್ದು ಕಾಕತೀಯ ಪ್ರತಾಪರುದ್ರನ ಅಧಿಕಾರಿಗಳೆಂದು ಹೇಳುತ್ತದೆ. ಅಷ್ಟು ದೊಡ್ಡ ಕಲ್ಲನ್ನು ಉದ್ದನೆಯ ಬಂಡಿಗೆ ಹೇರಿ, ಸಾಲು ಸಾಲು ಕೋಣಗಳನ್ನು ಹೂಡಿ ಎಳೆಸುತ್ತಿರುವ ದೃಶ್ಯವನ್ನೂ ಅಲ್ಲಿ ಗೆರೆ ಕೊರೆದು ಚಿತ್ರಿಸಿದ್ದಾರೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋದರೆ ಆ ಗೆರೆಗಳು ಚೆನ್ನಾಗಿ ಕಾಣುತ್ತವೆ. ಪ್ರತಾಪರುದ್ರ ರುದ್ರಮದೇವಿಯ ಮೊಮ್ಮಗ, ಮಗಳು ಮುಮ್ಮಡಮ್ಮನ ಮಗ. ಕೃಷ್ಣಾ ತುಂಗಭದ್ರೆಯರ ನಡುವಿನ ಈ ದೋಆಬಿಗೆ ದಂಡು ಕಳಿಸಿ ಕೋಟೆ ಕಟ್ಟಿಸುವಷ್ಟು ಗಟ್ಟಿಯಾದ ರಾಜ್ಯ ಅವನಿಗೆ ಬಂದದ್ದು ಅಜ್ಜಿಯ ಕೈಯಿಂದ. ಕೋಟೆ ನೋಡಲು ಶಾಲಾ ಮಕ್ಕಳನ್ನು ಕರೆತರುವವರು ಈ ಒಂದು ಸಂಗತಿಯನ್ನು ಹೇಳಿದರೂ ಸಾಕು ಎಂಬುದು ನನ್ನ ಬಹುಕಾಲದ ಆಸೆ.

ಮಂತ್ರಿಗಳೇ ಆಳಿದರು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಂತ್ರಿಗಳಿಲ್ಲದೆ ಆಳಿದ ಗಂಡು ಅರಸನಾದರೂ ಯಾರಿದ್ದಾನೆ? ಅದಕ್ಕಿಂತ ಮುಖ್ಯವಾಗಿ, ಕನ್ನಡ ನಾಡಿನಲ್ಲಿ ಹೆಣ್ಣುಮಕ್ಕಳು ಪಟ್ಟದ ರಾಣಿಯರಾಗಿ ಮಾತ್ರವಲ್ಲ, ಅಧಿಕಾರಿಗಳಾಗಿಯೂ ಕೆಲಸ ಮಾಡಿದ್ದಾರೆ. ಕಲ್ಯಾಣದ ಚಾಲುಕ್ಯರ ಅಕ್ಕಾದೇವಿ ಅರಸ ಜಯಸಿಂಹನ ಅಕ್ಕ. ಸಿಂಹಾಸನ ತಮ್ಮನದು, ಅಕ್ಕನ ಕೈಯಲ್ಲಿದ್ದದ್ದು ಕಿಸುಕಾಡು ಎಪ್ಪತ್ತರ, ಅಂದರೆ ಎಪ್ಪತ್ತು ಊರುಗಳೆಂದು ಎಣಿಸಿದ ಸೀಮೆಯ, ಆಡಳಿತ. ಹನ್ನೊಂದನೇ ಶತಮಾನದ ಮೊದಲ ದಶಕಗಳಿಂದ ನಡುಭಾಗದವರೆಗೆ ಅವಳ ಹೆಸರು ಶಾಸನಗಳಲ್ಲಿ ಬರುತ್ತದೆ. 1047ರಲ್ಲಿ ಗೋಕಾಗೆಯ, ಅಂದರೆ ಇಂದಿನ ಗೋಕಾಕಿನ ಕೋಟೆಗೆ ಮುತ್ತಿಗೆ ಹಾಕಿದವಳು ಅವಳೇ. ಯುದ್ಧದಲ್ಲಿ ಭೈರವಿಯೆಂದು ಶಾಸನಗಳು ಅವಳನ್ನು ಕೊಂಡಾಡುತ್ತವೆ. ನನಗೆ ಅದಕ್ಕಿಂತಲೂ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಕೊಪ್ಪಳ ಜಿಲ್ಲೆಯ ಗಡಿಯಾಚೆ, ಗಜೇಂದ್ರಗಡದ ಬಳಿಯ ಸೂಡಿಯಲ್ಲಿರುವ ಅವಳ ಕಾಲದ ಒಂದು ಶಾಸನ. ಚೋಳರೊಡನೆ ನಡೆದ ಯುದ್ಧದ ಹೊಡೆತಕ್ಕೆ ಸೂಡಿಯ ವ್ಯಾಪಾರಿ ಸಂಘದ ಕಟ್ಟುಪಾಡು ಹದಗೆಟ್ಟಿತ್ತು. ಅಲ್ಲಿನ ಎಂಟು ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅದನ್ನು ಮತ್ತೆ ಊರ್ಜಿತಗೊಳಿಸಿ ಕೊಟ್ಟ ವಿವರ ಅದರಲ್ಲಿದೆ. ಯುದ್ಧದಿಂದ ನೊಂದ ಪೇಟೆಯೊಂದನ್ನು ಮರಳಿ ಎತ್ತಿ ನಿಲ್ಲಿಸುವುದು ಆಡಳಿತವಲ್ಲದೆ ಮತ್ತೇನು?

ಅವಳು ಒಬ್ಬಳೇ ಅಲ್ಲ. ಒಂದನೇ ಸೋಮೇಶ್ವರನ ರಾಣಿ ಮೈಲಲದೇವಿ 1053ರಲ್ಲಿ ಬನವಾಸಿ ಹನ್ನೆರಡು ಸಾವಿರವನ್ನು ನೋಡಿಕೊಳ್ಳುತ್ತಿದ್ದಳು. ಅದು ಚಿಕ್ಕ ಸೀಮೆಯಲ್ಲ. ಅರಮನೆಯ ಆಸರೆಯಿಲ್ಲದವರೂ ಇದ್ದರು. ರಾಷ್ಟ್ರಕೂಟರ ಕಾಲದಲ್ಲಿ, ಹತ್ತನೇ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ, ಅಂದರೆ ಆ ನಾಡಿನ ಮುಖ್ಯಸ್ಥನಾಗಿದ್ದ, ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಪದವಿಯನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಆಳುವ ಕೆಲಸದಲ್ಲಿ ಅವಳು ಸಮರ್ಥಳೆಂದು ಬಂದಳಿಕೆಯ ಶಾಸನ ಹೊಗಳುತ್ತದೆ. ಕಾಯಿಲೆ ಹತ್ತಿ ದೇಹ ಕುಸಿದಾಗ ಅವಳು ಹೊಣೆಯನ್ನು ಮಗಳಿಗೆ ಒಪ್ಪಿಸಿ, ಜೈನ ವ್ರತದಂತೆ ಸಲ್ಲೇಖನದಿಂದ, ಅಂದರೆ ಆಹಾರ ತೊರೆದು, ಪ್ರಾಣ ಬಿಟ್ಟಳು. ತಾಯಿಯಿಂದ ಮಗಳಿಗೆ ಹೊಣೆ ದಾಟಿದ್ದನ್ನು ದಯವಿಟ್ಟು ಗಮನಿಸಬೇಕು. ಕುದುರೆಯ ಮೇಲೆ ಕತ್ತಿ ಹಿಡಿದ ರಾಣಿಯರನ್ನು ನಾವು ಪ್ರತಿಮೆ ಮಾಡಿ ವೃತ್ತಗಳಲ್ಲಿ ನಿಲ್ಲಿಸಿದ್ದೇವೆ, ಅದು ಆಗಬೇಕಾದದ್ದೇ. ಕಿತ್ತೂರಿನ ಚೆನ್ನಮ್ಮ 1824ರ ಅಕ್ಟೋಬರಿನಲ್ಲಿ ಕಂಪನಿಯ ದಂಡನ್ನು ಸೋಲಿಸಿದ್ದನ್ನು ಮರೆಯುವ ಕನ್ನಡಿಗರಿಲ್ಲ. ಆದರೆ ಸುಂಕ, ಕೆರೆ, ಪೇಟೆ, ದಾನಗಳ ಲೆಕ್ಕ ನೋಡಿದ ಹೆಣ್ಣುಮಕ್ಕಳು ನಮ್ಮ ನೆನಪಿನಿಂದ ಜಾರಿಹೋಗಿದ್ದಾರೆ. ಹೀಗಾಗಿ ಆಳಿದ ಹೆಣ್ಣೆಂದರೆ ಆಪತ್ಕಾಲಕ್ಕೆ ಮಾತ್ರ ಬಂದವಳೆಂಬ ಭಾವನೆ ತಮ್ಮಂಥ ಓದಿದವರಲ್ಲಿಯೂ ಬೇರೂರಿದೆ.

ಬರೆದಿಟ್ಟವರ ಮನಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದೆಹಲಿಯಲ್ಲಿ 1236ರಿಂದ 1240ರವರೆಗೆ ಆಳಿದ ರಜಿಯಾಳಲ್ಲಿ ಅರಸರಿಗಿರಬೇಕಾದ ಗುಣಗಳೆಲ್ಲ ಇದ್ದುವೆಂದು ಅವಳ ಕಾಲದ ಇತಿಹಾಸಕಾರ ಮಿನ್ಹಾಜ್ ಬರೆಯುತ್ತಾನೆ. ಗಂಡಾಗಿ ಹುಟ್ಟಲಿಲ್ಲವಾದ್ದರಿಂದ ಅವುಗಳಿಂದೇನು ಪ್ರಯೋಜನ ಎಂದು ಅವನೇ ಸೇರಿಸುತ್ತಾನೆ. ನಮ್ಮ ನೆರೆಯ ಸುರಪುರದ ಮಾತು ಇನ್ನೂ ಹತ್ತಿರದ್ದು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡ ಮೇಲೆ, 1840ರ ದಶಕದಲ್ಲಿ, ಬಾಲಕ ವೆಂಕಟಪ್ಪ ನಾಯಕನ ಪರವಾಗಿ ಅಧಿಕಾರ ಯಾರ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮನಿಗೂ ಮೈದುನನಿಗೂ ತಕರಾರು ನಡೆಯಿತು. ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಕ್ರಮೇಣ ತಾನೇ ಆಡಳಿತಗಾರನಾದ. ಆ ರಾಣಿಯನ್ನು ಕುರಿತು ಇಂದು ನಾವು ಓದುವುದರಲ್ಲಿ ಹೆಚ್ಚಿನದು ಅವನ ಆತ್ಮಕಥೆಯಿಂದ ಬಂದದ್ದು. ಅವಳ ಅಧಿಕಾರವನ್ನು ಮೊಟಕುಗೊಳಿಸಿದವನೇ ಅವಳ ನಡತೆಗೆ ಸಾಕ್ಷಿ ನುಡಿದರೆ ಅದನ್ನು ಎಷ್ಟು ನಂಬಬೇಕು ಎಂಬುದನ್ನು ಇತಿಹಾಸ ಪಾಠ ಮಾಡಿದ ತಾವೇ ಹೇಳಬೇಕು.

ಹೊರನಾಡುಗಳ ಉದಾಹರಣೆಗಳು ಹೇರಳವಾಗಿವೆ, ಎಲ್ಲವನ್ನೂ ಎತ್ತುವುದಿಲ್ಲ. ಈಜಿಪ್ಟಿನ ಹತ್ಶೆಪ್ಸುತ್ ಬಾಲಕ ಅರಸನ ಪರವಾಗಿ ಆಳಲು ಬಂದು ತಾನೇ ಫೇರೋ, ಅಂದರೆ ಅಲ್ಲಿನ ದೊರೆ, ಆದಳು. ಅವಳು ಸತ್ತ ಬಳಿಕ ಎಷ್ಟೋ ಗೋಡೆಗಳಿಂದ ಅವಳ ಹೆಸರನ್ನು ಉಳಿಯಿಂದ ಕೆತ್ತಿ ತೆಗೆದರು. ರಷ್ಯಾದ ಎರಡನೇ ಕ್ಯಾಥರೀನ್ 1762ರಲ್ಲಿ ಗಂಡನನ್ನೇ ಪಟ್ಟದಿಂದ ಇಳಿಸಿ, ಬೆಳೆದ ಮಗನಿದ್ದರೂ ಬಿಟ್ಟುಕೊಡದೆ 34 ವರ್ಷ ಆಳಿದಳು. ಅವಳ ಕಾಲದಲ್ಲಿ ಜೀತದಾಳುಗಳ ಬಾಳು ಹಸನಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಹೆಣ್ಣು ಆಳಿದರೆ ರಾಜ್ಯ ತಾನಾಗಿ ಮೃದುವಾಗುತ್ತದೆ ಎಂದು ನಮ್ಮ ಲೇಖನ ಎಲ್ಲಿಯೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಮತ ಪೆಟ್ಟಿಗೆಯ ಕಾಲದಲ್ಲಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದವರು ನಮ್ಮ ಪಕ್ಕದ ಶ್ರೀಲಂಕಾದ ಸಿರಿಮಾವೋ ಬಂಡಾರನಾಯಕೆ, 1960ರಲ್ಲಿ. ಅವರೂ ಹತ್ಯೆಯಾದ ಪ್ರಧಾನಿಯ ಪತ್ನಿ.

ಇನ್ನು ನಮ್ಮ ಸೀಮೆಗೆ ಬರುತ್ತೇನೆ. 1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಯ ಕಣದಲ್ಲಿ ಎದುರುಬದುರಾಗಿ ನಿಂತವರು ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್. ಮತದಾರರ ಮುಂದಿದ್ದ ಆಯ್ಕೆ ಮುಖ್ಯವಾಗಿ ಇಬ್ಬರು ಹೆಣ್ಣುಮಕ್ಕಳ ನಡುವಿನದು. ಹೆಣ್ಣು ಆಳಬಲ್ಲಳೇ ಎಂಬ ಪ್ರಶ್ನೆಗೆ ಅಲ್ಲಿ ಎಡೆಯೇ ಇರಲಿಲ್ಲ. ಗೆದ್ದ ಸೋನಿಯಾ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು, ಅದು ಬೇರೆ ಮಾತು. ಹತ್ತು ವರ್ಷಗಳ ಬಳಿಕ, 2009ರಲ್ಲಿ, ಅದೇ ಬಳ್ಳಾರಿಯಿಂದ ಜೆ. ಶಾಂತಾ ಲೋಕಸಭೆಗೆ ಆರಿಸಿ ಬಂದರು. 2023ರಲ್ಲಿ ರಾಜ್ಯದ 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತು ಮಂದಿ. ಅವರಲ್ಲಿ ದೇವದುರ್ಗದ ಕರೆಮ್ಮ ನಾಯಕ, ಹಿಂದೆ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯಿಂದ ಪಕ್ಷೇತರರಾಗಿ ಗೆದ್ದ ಲತಾ ಮಲ್ಲಿಕಾರ್ಜುನ ನಮ್ಮ ಕಡೆಯವರು. 2024ರ ಉಪಚುನಾವಣೆಯಲ್ಲಿ ಸಂಡೂರಿನಿಂದ ಇ. ಅನ್ನಪೂರ್ಣ ಗೆದ್ದರು. ಇವರಲ್ಲಿ ಕೆಲವರದು ರಾಜಕೀಯದ ಮನೆತನವೆಂದು ತಾವು ಹೇಳಬಹುದು. ಮನೆತನದ ಬಲದಿಂದ ಬಂದ ಗಂಡುಮಕ್ಕಳನ್ನು ಎಣಿಸಲು ಹೊರಟರೆ ವಿಧಾನಸಭೆಯ ಎಷ್ಟು ಸಾಲುಗಳು ಉಳಿದಾವು?

ಪಂಚಾಯಿತಿಯ ಗಂಡಂದಿರ ವಿಷಯದಲ್ಲಿ ಮಾತ್ರ ತಮ್ಮ ಸಿಟ್ಟು ನನ್ನದೂ ಹೌದು. ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ತಂದ ಸಂವಿಧಾನದ 73ನೇ ತಿದ್ದುಪಡಿಗೆ ಮೊದಲೇ, 1983ರ ಕಾಯ್ದೆಯಿಂದ, ಕರ್ನಾಟಕ ಮಹಿಳೆಯರಿಗೆ ಶೇಕಡ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. ಅದರಂತೆ 1987ರಲ್ಲಿ ಚುನಾವಣೆ ನಡೆಯಿತು. 2010ರಲ್ಲಿ ಮೀಸಲಾತಿ ಅರ್ಧಕ್ಕೆ ಏರಿತು. ಆದರೂ ಎಷ್ಟೋ ಕಡೆ ಸಹಿ ಅವಳದು, ಮಾತು ಅವನದು. ಆದರೆ ಇದು ಹಾಗೆಯೇ ಉಳಿಯುತ್ತದೆ ಎಂಬ ತಮ್ಮ ತೀರ್ಮಾನ ಆತುರದ್ದು. ಲಿಂಗಸುಗೂರು ತಾಲ್ಲೂಕಿನ ಒಂದು ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ನಾನು ಕುಳಿತಿದ್ದೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಡಾವಳಿ ಪುಸ್ತಕವನ್ನು ಅಧ್ಯಕ್ಷೆಯ ಮುಂದೆ ಸರಿಸಿ, ಸಹಿ ಮಾಡಬೇಕಾದ ಜಾಗದಲ್ಲಿ ಬೆರಳಿಟ್ಟರು. ಬಾಗಿಲ ಬಳಿ ನಿಂತಿದ್ದ ಗಂಡ ತಲೆಯಾಡಿಸಿದ. ಆಕೆ ಪೆನ್ನನ್ನು ಪುಸ್ತಕದ ಮೇಲೆ ಅಡ್ಡ ಇಟ್ಟು, ‘ಮೊದಲ ಓದ್ರಿ, ಎಲ್ಲಾರೂ ಕೇಳಲಿ, ಆಮ್ಯಾಲ ಸಹಿ ಮಾಡ್ತೀನಿ’ ಎಂದರು. ಓದುತ್ತ ಹೋದಂತೆ ದಲಿತ ಕೇರಿಯ ಕುಡಿಯುವ ನೀರಿನ ಪೈಪಿನ ಕಾಮಗಾರಿ ಕ್ರಿಯಾ ಯೋಜನೆಯಿಂದ ಬಿಟ್ಟುಹೋಗಿರುವುದು ಗೊತ್ತಾಯಿತು. ಅದನ್ನು ಸೇರಿಸಿ ಬರೆದ ಮೇಲೆಯೇ ಸಹಿ ಬಿತ್ತು. ಇದು ಅವರ ಎರಡನೇ ಅವಧಿ. ಮೊದಲ ಅವಧಿಯಲ್ಲಿ ಸದಸ್ಯೆಯಾಗಿದ್ದಾಗ ಸಭೆಯಲ್ಲಿ ಬಾಯಿ ತೆರೆದಿರಲಿಲ್ಲವೆಂದು ಅವರೇ ಹೇಳಿದರು.

ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡುವ ತಿದ್ದುಪಡಿ 2023ರಲ್ಲಿ ಅಂಗೀಕಾರವಾಯಿತು. ಅದರ ಜಾರಿಯನ್ನು ಜನಗಣತಿಗೂ ಕ್ಷೇತ್ರ ಮರುವಿಂಗಡಣೆಗೂ ಕಟ್ಟಿಹಾಕಲಾಯಿತು. ಅದು ಜಾರಿಗೆ ಬರುವ ಹೊತ್ತಿಗೆ ನಮ್ಮ ಸೀಮೆಯ ಪಕ್ಷಗಳು ಅಭ್ಯರ್ಥಿಗಳಿಗಾಗಿ ನಾಯಕರ ಮನೆಗಳನ್ನು ಹುಡುಕುವ ಬದಲು ಇಂಥ ಪಂಚಾಯಿತಿಗಳಿಗೆ ಹೋಗಲಿ ಎಂಬುದು ಈ ಲೇಖನಮಾಲೆಯ ಉದ್ದೇಶ. ಆದ್ದರಿಂದ ಮಾಲೆಯನ್ನು ನಿಲ್ಲಿಸಬೇಕೆಂಬ ತಮ್ಮ ಸಲಹೆಯನ್ನು ಸ್ವೀಕರಿಸಲಾರೆ. ಮುಂದಿನ ಕಂತು ಅಕ್ಕಾದೇವಿಯನ್ನು ಕುರಿತದ್ದು. ಅದನ್ನು ಓದಿದ ಮೇಲೆಯೂ ತಮ್ಮ ಅಭಿಪ್ರಾಯ ಬದಲಾಗದಿದ್ದರೆ ಮತ್ತೆ ಬರೆಯಿರಿ; ಒಂದಕ್ಷರವನ್ನೂ ಕತ್ತರಿಸದೆ ಪ್ರಕಟಿಸುತ್ತೇವೆ.

ಸಂಪಾದಕ
ರಾಯಚೂರು