ಒಂದೊಂದೂ ಸೊನ್ನೆ, ಕೂಡಿದರೆ ಐವತ್ತು

ಪ್ರಶ್ನೆ: ಬಿಸ್ಫಿನಾಲ್-ಎ, ನೋನೈಲ್‌ಫಿನಾಲ್ ಮುಂತಾದ ಪ್ಲಾಸ್ಟಿಕ್-ಮಾರ್ಜಕ ರಾಸಾಯನಿಕಗಳು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತವೆ. ಒಂದೊಂದನ್ನೂ ಪರೀಕ್ಷಿಸಿ ‘ಈ ಪ್ರಮಾಣದಲ್ಲಿ ಪರಿಣಾಮವಿಲ್ಲ’ ಎಂದ ಮೇಲೆ ಮಿಶ್ರಣವನ್ನೂ ಪರೀಕ್ಷಿಸಬೇಕೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಪರೀಕ್ಷಿಸಬೇಕು. ಅವೆಲ್ಲ ತಟ್ಟುವುದು ಒಂದೇ ಬಾಗಿಲು, ಜೀವಕೋಶದ ಈಸ್ಟ್ರೋಜನ್ ಗ್ರಾಹಕ. ಎಂಟು ರಾಸಾಯನಿಕಗಳಿವೆ, ಎಲ್ಲದರ ಡೋಸ್-ಪರಿಣಾಮ ರೇಖೆಯ ಹಿಲ್ ಇಳಿಜಾರು (ಡೋಸ್ ಏರಿದಂತೆ ಪರಿಣಾಮ ಎಷ್ಟು ಕಡಿದಾಗಿ ಏರುತ್ತದೆ ಎಂಬುದರ ಅಳತೆ) 2 ಎಂದುಕೊಳ್ಳಿ. ಅರ್ಧ ಪರಿಣಾಮ ಕೊಡುವ ಸಾಂದ್ರತೆಯನ್ನು (ಇಸಿ50) ಎಂಟು ಪಾಲು ಮಾಡಿ ಒಂದು ಪಾಲು ಹಾಕಿದರೆ ಸಿಗುವ ಪರಿಣಾಮ ಬರೀ ಶೇ 1.5. ಅಳತೆಯ ಏರಿಳಿತದಲ್ಲೇ ಅದು ಕಳೆದುಹೋಗುತ್ತದೆ, ವರದಿಯಲ್ಲಿ ‘ಇಲ್ಲ’ ಎಂದು ದಾಖಲಾಗುತ್ತದೆ. ಎಂಟೂ ಸೇರಿದಾಗ 8 × 1.5, ಅಂದರೆ ಶೇ 12 ಎಂದು ಲೆಕ್ಕ ಹಾಕುವವರು ಬಹಳ. ಅದು ತಪ್ಪು. ಕೂಡಬೇಕಾದ್ದು ಡೋಸನ್ನು: ಎಂಟು ಪಾಲು ಸೇರಿ ಒಂದು ಇಡೀ ಇಸಿ50, ಪರಿಣಾಮ ಶೇ 50. ಒಂದೇ ರಾಸಾಯನಿಕವನ್ನು ಎಂಟು ಸೀಸೆಗೆ ಹಂಚಿ, ಎಂಟು ಹೆಸರು ಅಂಟಿಸಿ, ಮತ್ತೆ ಬೆರೆಸಿ ನೋಡಿ. ಶೇ 12 ಬರಲು ಸಾಧ್ಯವೇ ಇಲ್ಲ. ಸಿಲ್ವಾ, ರಾಜಪಕ್ಸೆ, ಕೋರ್ಟೆನ್‌ಕ್ಯಾಂಪ್ ಎಂಬ ಸಂಶೋಧಕರು 2002ರಲ್ಲಿ ಎಂಟು ದುರ್ಬಲ ರಾಸಾಯನಿಕಗಳನ್ನು, ಪ್ರತಿಯೊಂದೂ ‘ಪರಿಣಾಮವಿಲ್ಲ’ದ ಮಟ್ಟಕ್ಕಿಂತ ಕೆಳಗಿರುವಂತೆ ಬೆರೆಸಿದಾಗ ಮಿಶ್ರಣ ಸ್ಪಷ್ಟವಾಗಿ ಕೆಲಸ ಮಾಡಿತ್ತು.

ಪ್ರಶ್ನೆ: ಈಸ್ಟ್ರೋಜನ್ ಗುಣವಿದ್ದರೆ ಕೆಂಪಾಗುವ ನಮ್ಮ ಯೀಸ್ಟ್ ಪರೀಕ್ಷೆಯಲ್ಲಿ ರಾಸಾಯನಿಕ ಏನೂ ಹಾಕದ ಗುಳಿಗಳೂ ಕೆಂಪಾಗುತ್ತಿವೆ. ಏಕೆ?
– ಸಂಶೋಧನಾ ವಿದ್ಯಾರ್ಥಿ, ಮೈಸೂರು

ಉತ್ತರ: ಕೆಂಪಾದ ಗುಳಿಗಳು ತಟ್ಟೆಯ ಯಾವ ಮೂಲೆಯಲ್ಲಿವೆ, ಮೊದಲು ಅದನ್ನು ನೋಡಿ. ನೋನೈಲ್‌ಫಿನಾಲ್ ಸಾಲಿನ ಪಕ್ಕದಲ್ಲೇ ಇದ್ದರೆ ಆ ರಾಸಾಯನಿಕವೇ ಪಕ್ಕದ ಗುಳಿಗೆ ತೆವಳಿ ಬಂದಿದೆ. ಅದಕ್ಕೆ ಬೇರೆ ತಟ್ಟೆ ಇಡಿ. ತಟ್ಟೆಯಿಡೀ ಒಂದೇ ಸಮ ಕಿತ್ತಳೆಯಾಗಿದ್ದರೆ ಹೆಚ್ಚು ಹೊತ್ತು ಬಿಟ್ಟಿದ್ದೀರಿ. ಹಾರ್ಮೋನಿಲ್ಲದೆಯೂ ಈ ಯೀಸ್ಟ್ ಸ್ವಲ್ಪ ಕಿಣ್ವ ಸುರಿಸುತ್ತದೆ, ಅದು ಪರೀಕ್ಷೆಗೆ ಹಾಕುವ ಹಳದಿ ಬಣ್ಣವಾದ ಸಿಪಿಆರ್‌ಜಿಯನ್ನು ನಿಧಾನಕ್ಕೆ ಕೆಂಪಾಗಿಸುತ್ತದೆ. ಪ್ಲಾಸ್ಟಿಕ್ ಟ್ಯೂಬು ಬಳಸುತ್ತಿದ್ದರೆ ಗಾಜಿಗೆ ಬದಲಾಯಿಸಿ: ಪಾಲಿಸ್ಟೈರೀನ್ ಟ್ಯೂಬಿನಿಂದ ಸೋರಿದ ನೋನೈಲ್‌ಫಿನಾಲೇ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೋಟೊ ತಂಡದ ಸ್ತನಕೋಶಗಳನ್ನು ಬೆಳೆಸಿತ್ತು, 1991ರಲ್ಲಿ ಅವರದನ್ನು ಪ್ರಕಟಿಸಿದರು. ಬಣ್ಣವನ್ನು 540 ನ್ಯಾನೋಮೀಟರಿನಲ್ಲಿ ಓದುವಾಗ 620ರಲ್ಲಿ ಮಬ್ಬನ್ನೂ (ಯೀಸ್ಟ್ ಎಷ್ಟು ಬೆಳೆದಿದೆ ಎಂಬುದನ್ನು) ಓದಿ. ಹೆಚ್ಚು ಡೋಸಿನಲ್ಲಿ ಎರಡೂ ಒಟ್ಟಿಗೆ ಕುಸಿದರೆ ಯೀಸ್ಟ್ ಸಾಯುತ್ತಿದೆ ಎಂದರ್ಥ. ಅದನ್ನು ‘ಈಸ್ಟ್ರೋಜನ್ ತಡೆ’ ಎಂದು ಬರೆಯಬೇಡಿ.

ಪ್ರಶ್ನೆ: ಕೀಟನಾಶಕಗಳಾದ ಎಂಡೋಸಲ್ಫಾನ್ ಮತ್ತು ಡೀಲ್ಡ್ರಿನ್ ಸೇರಿದರೆ ಈಸ್ಟ್ರೋಜನ್ ಗುಣ ನೂರಾರು ಪಟ್ಟು ಹೆಚ್ಚುತ್ತದಂತೆ, ನಿಜವೇ?
– ಓದುಗರು, ಪುತ್ತೂರು

ಉತ್ತರ: 1996ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಟ್ಯುಲೇನ್ ವಿಶ್ವವಿದ್ಯಾಲಯದವರು ಹಾಗೆ ಬರೆದಿದ್ದರು. ಬೇರೆಯವರ ಪ್ರಯೋಗಾಲಯಗಳಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. 1997ರಲ್ಲಿ ಲೇಖನವನ್ನು ಹಿಂದಕ್ಕೆ ಪಡೆದರು. ಇದರಿಂದ ಎಂಡೋಸಲ್ಫಾನ್ ನಿರಪಾಯಕಾರಿ ಆಗುವುದಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದದ್ದಕ್ಕೂ, ಸ್ಟಾಕ್‌ಹೋಮ್ ಒಪ್ಪಂದದ (ಬೇಗ ಕರಗದ ವಿಷಗಳನ್ನು ನಿಲ್ಲಿಸುವ ಜಾಗತಿಕ ಒಪ್ಪಂದ) ಪಟ್ಟಿಗೆ ಅದು ಸೇರಿದ್ದಕ್ಕೂ ಈ ಲೇಖನ ಆಧಾರವಲ್ಲ. ‘ಕೂಡಿ ಹೆಚ್ಚಾಯಿತು’ ಎನ್ನುವವರು ಡೋಸ್ ಕೂಡಿ ಬರುವ ರೇಖೆಯನ್ನು ಮೊದಲು ಎಳೆದಿರಬೇಕು. ಅಳೆದದ್ದು ಅದನ್ನೂ ಮೀರಿದ್ದರೆ, ಬೇರೆ ದಿನ ಹೊಸ ದ್ರಾವಣದಲ್ಲೂ ಮೀರಿದ್ದರೆ ಆ ಮಾತಿಗೆ ಬೆಲೆ.