ಸಂಪಾದಕರ ಉತ್ತರ: ‘ಏನೂ ಆಗಲಿಲ್ಲ’ ಅಂತ ಹೇಗೆ ಹೇಳ್ತೀರಿ?

ನಮಸ್ಕಾರ ಮೇಸ್ತ್ರಿಗಳೇ,

ಹೋದ ಸಂಚಿಕೆಯಲ್ಲಿ ಗ್ಯಾರೇಜು, ಲೇತ್ ಶಾಪುಗಳಲ್ಲಿ ಕೂದಲೆಳೆಯಲ್ಲಿ ಪಾರಾದವರ ಅನುಭವಗಳನ್ನು ಹಾಕಿದ್ದೆವು. ಓದಿ ನಿಮಗೆ ಸಿಟ್ಟು ಬಂದಿದೆ. ‘ಹಿಂಗೆ ಹೆದರಿಸಿದರೆ ಹುಡುಗರು ಕೆಲಸಕ್ಕೇ ಬರಲ್ಲ. ಏನೂ ಆಗದೇ ಹೋದದ್ದನ್ನು ಅಚ್ಚು ಹಾಕಿ ಏನು ಪ್ರಯೋಜನ?’ ಎಂದು ಕೇಳಿದ್ದೀರಿ. ಅದೇ ಪತ್ರದ ಕೊನೆಯಲ್ಲಿ, ಸುಮ್ನೆ ನೆನಪಾಯಿತು ಅಂತ, ನಿಮ್ಮ ಅಂಗಡಿಯದ್ದೇ ಒಂದು ಕಥೆಯನ್ನೂ ಬರೆದಿದ್ದೀರಿ. ಹಾವೇರಿ ಹತ್ತಿರ ಹೆದ್ದಾರಿ ಪಕ್ಕದ ಅಂಗಡಿ. ಲಾರಿ ಟೈರಿಗೆ ಗಾಳಿ ಹಿಡಿಯುವಾಗ ಟೈರು ಚಕ್ರದಿಂದ ಕಳಚದಂತೆ ಅಂಚಿನಲ್ಲಿ ಕೂರಿಸುವ ಕಬ್ಬಿಣದ ರಿಂಗು ಎದ್ದು ಹಾರಿ ತಗಡಿನ ಮಾಡು ತೂತಾಯಿತು. ಗಾಳಿ ಪೈಪ್ ಸಿಕ್ಕಿಸಿಟ್ಟು ಹುಡುಗ ಆಗಷ್ಟೇ ಚಹಾ ತರಲು ಹೋಗಿದ್ದ. ‘ದೇವರು ದೊಡ್ಡವನು, ಏನೂ ಆಗಲಿಲ್ಲ.’

ಏನೂ ಆಗಲಿಲ್ಲ ಅಂತ ಹೇಗೆ ಹೇಳ್ತೀರಿ? ಆಗುವುದೆಲ್ಲ ಆಗಿದೆ. ಹುಡುಗನ ತಲೆ ಅಲ್ಲಿರಲಿಲ್ಲ, ಅಷ್ಟೇ. ಇಡೀ ಪತ್ರದಲ್ಲಿ ನಾವು ಹುಡುಕಿದ ಒಂದು ಮಾತು ಮಾತ್ರ ಸಿಗಲಿಲ್ಲ: ಆ ರಿಂಗು ಯಾಕೆ ಹಾರಿತು? ಹುಡುಗನಿಗೆ ಪೆಟ್ಟಾಗಿದ್ದರೆ ಪೊಲೀಸರು, ಮನೆಯವರು, ನೀವು, ಎಲ್ಲರೂ ಅದನ್ನೇ ಕೇಳುತ್ತಿದ್ದಿರಿ. ಪೆಟ್ಟಾಗಲಿಲ್ಲ, ಹಾಗಾಗಿ ಯಾರೂ ಕೇಳಲಿಲ್ಲ. ಅದೇ ರಿಂಗನ್ನು ಸುತ್ತಿಗೆಯಲ್ಲಿ ಸರಿಮಾಡಿ ಮತ್ತೆ ಹಾಕಿರಲಾರಿರಿ ಎಂದುಕೊಳ್ಳುತ್ತೇವೆ.

ಲೆಕ್ಕ ನಿಮಗೆ ಗೊತ್ತಿರುವುದೇ, ಆದರೂ ಒಮ್ಮೆ ಹಾಕಿ ನೋಡೋಣ. ಲಾರಿ ಟೈರಿಗೆ ನೂರು ಪೌಂಡ್ ಗಾಳಿ ಅಂದರೆ ಒಂದೊಂದು ಚದರ ಇಂಚಿನ ಮೇಲೂ ಸುಮಾರು 45 ಕೆ.ಜಿ. ಒತ್ತಡ. ರಿಂಗಿನ ಕಡೆಗೆ ತಳ್ಳುವ ಜಾಗ ಬರೀ 300 ಚದರ ಇಂಚು ಅಂತಿಟ್ಟುಕೊಂಡರೂ 13 ಟನ್ ದಾಟುತ್ತದೆ. ಇಷ್ಟನ್ನೂ ತಡೆದು ಹಿಡಿದಿರುವುದು ಡಿಸ್ಕಿನ (ಟೈರು ಕೂರುವ ಕಬ್ಬಿಣದ ಚಕ್ರದ) ಅಂಚಿನಲ್ಲಿ ರಿಂಗು ಕೂರುವ ಒಂದು ಸಣ್ಣ ಕಾಲುವೆ. ಅದರಲ್ಲಿ ತುಕ್ಕು ಕೂತಿದ್ದರೆ, ರಿಂಗು ಬಾಗಿದ್ದರೆ, ಅಥವಾ ಒಂದು ಕಂಪನಿಯ ಡಿಸ್ಕಿಗೆ ಇನ್ನೊಂದರ ರಿಂಗು ಹೇಗೋ ಕೂತಿದೆ ಅಂತ ಬಿಟ್ಟಿದ್ದರೆ, ಮೊದಲ 30 ಪೌಂಡಿಗೇನೂ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಜಾಸ್ತಿ ಜನ ರಿಂಗಿನ ಮೇಲೆ ಬಗ್ಗಿ, ಒಂದು ಕೈಲಿ ಸುತ್ತಿಗೆ ಹಿಡಿದು, ‘ಕೂತ್ಕೊಳ್ತಾ ನೋಡ್ತೀನಿ’ ಅಂತ ಬಡಿಯುತ್ತಿರುತ್ತಾರೆ. ಗಾಳಿ ಇರುವಾಗ ರಿಂಗಿಗೆ ಸುತ್ತಿಗೆ ತಾಗಿಸಲೇಬಾರದು.

ಅಮೆರಿಕದಲ್ಲಿ 1980ರಲ್ಲೇ ಇದಕ್ಕೊಂದು ನಿಯಮ ಬಂತು: ಇಂಥ ಚಕ್ರವನ್ನು ಕಬ್ಬಿಣದ ಪಂಜರದೊಳಗಿಟ್ಟೇ ಗಾಳಿ ತುಂಬಬೇಕು, ತುಂಬುವವನು ರಿಂಗು ಹಾರುವ ದಿಕ್ಕಿನಿಂದ ಆಚೆ ನಿಲ್ಲಬೇಕು. ಹಾಕಬೇಕಾದ ಗಾಳಿಯಲ್ಲಿ ನೂರಕ್ಕೆ 80 ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡು ಓಡಿ ಬಂದ ಟೈರನ್ನು ಬಿಚ್ಚಿ ನೋಡದೆ ಮತ್ತೆ ತುಂಬುವ ಹಾಗೂ ಇಲ್ಲ. ನಮ್ಮ ಹೆದ್ದಾರಿ ಬದಿಯಲ್ಲಿ ಪಂಜರ ಇರುವ ಅಂಗಡಿ ಕಾಣುವುದೇ ಅಪರೂಪ. ದಪ್ಪ ಪೈಪು ತಂದರೆ ನಿಮ್ಮೂರಿನ ವೆಲ್ಡಿಂಗ್ ಶಾಪಿನವನೇ ಮಾಡಿಕೊಡುತ್ತಾನೆ. ಗಾಳಿ ಪೈಪು ಉದ್ದ ಇರಲಿ, ನಾಝಲ್ ಕೈಲಿ ಒತ್ತಿ ಹಿಡಿಯದೆ ವಾಲ್ವಿಗೆ ಕಚ್ಚಿಕೊಂಡು ನಿಲ್ಲುವಂಥದ್ದಿರಲಿ. ನಿಮ್ಮ ಹುಡುಗನನ್ನು ಉಳಿಸಿದ್ದು ಚಹಾ ಅಲ್ಲ, ದೂರ. ದಿನಾ ಆ ದೂರ ಇರಬೇಕು ಅಲ್ವಾ?

ಇನ್ನು ನಿಮ್ಮ ಪ್ರಶ್ನೆಗಳು. ಬೈಕಿನ ಪೆಟ್ರೋಲ್ ಟ್ಯಾಂಕನ್ನು ಸೋಪಿನ ನೀರಲ್ಲಿ ತೊಳೆದು ವೆಲ್ಡಿಂಗ್ ಮಾಡಬಹುದೇ ಅಂತ ಕೇಳಿದ್ದೀರಿ. ತೊಳೆದರಷ್ಟೇ ಸಾಲದು. ಗಾಳಿಯಲ್ಲಿ ಪೆಟ್ರೋಲ್ ಆವಿ ಹೆಚ್ಚುಕಡಿಮೆ ನೂರಕ್ಕೆ ಒಂದೂವರೆಯಿಂದ ಏಳೂವರೆ ಭಾಗ ಇದ್ದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆದರಿಕೆಯದ್ದು ಅನ್ನುವುದು ಇದಕ್ಕೇ. ಮಡಿಕೆಯಲ್ಲಿ, ತುಕ್ಕಿನ ಪದರದಲ್ಲಿ ಕೂತ ನಾಲ್ಕು ಹನಿ, ವೆಲ್ಡಿಂಗ್ ಟಾರ್ಚಿನ ಬಿಸಿ ತಾಗಿದ ಮೇಲೆ ಆವಿಯಾಗಿ ಹೊರಬರುತ್ತದೆ. ಮೂಗಿಗೆ ವಾಸನೆ ಬರಲಿಲ್ಲ ಅನ್ನುವುದನ್ನು ನಂಬಬೇಡಿ. ವೆಲ್ಡ್ ಹಾಕುವ ಜಾಗದ ತುಸು ಕೆಳಗಿನವರೆಗೂ ನೀರು ತುಂಬಿ, ಮುಚ್ಚಳ ತೆಗೆದಿಟ್ಟು ಮಾಡುವವರಿದ್ದಾರೆ. ನಮ್ಮನ್ನು ಕೇಳಿದರೆ ಬೈಕಿನ ಟ್ಯಾಂಕಿಗೆ ಅಷ್ಟು ಸಾಹಸ ಬೇಡ, ಬೇರೆ ಟ್ಯಾಂಕು ಹಾಕಿಸಿ ಅನ್ನಿ. ಗಿರಾಕಿ ಗೊಣಗಲಿ.

ಕಬ್ಬಿಣ ಕೊಯ್ಯುವ, ಉಜ್ಜುವ ಗ್ರೈಂಡರ್ ಬಗ್ಗೆ ನಿಮ್ಮದೂ ನಮ್ಮದೂ ಒಂದೇ ಜಗಳ. ನಾಲ್ಕಿಂಚಿನ ಗ್ರೈಂಡರಿಗೆ ಏಳಿಂಚಿನ ಕಟಿಂಗ್ ವೀಲ್ ಹಾಕುವುದು ತಪ್ಪಲ್ಲ, ನಿಧಾನಕ್ಕೆ ಮಾಡಿದರಾಯ್ತು ಅಂತ ಬರೆದಿದ್ದೀರಿ. ನಿಧಾನ ನಿಮ್ಮ ಕೈಯದ್ದು, ಮಿಷನ್ನಿನದಲ್ಲ! ಆ ಸಣ್ಣ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಏಳಿಂಚಿನ ವೀಲ್ ಮೇಲೆ 8,500ರ ಆಸುಪಾಸು ಅಂತ ಬರೆದಿರುತ್ತದೆ. ಅದನ್ನು ಹಾಕಲು ವೀಲಿಗೆ ಅಡ್ಡ ಇರುವ ಗಾರ್ಡ್ ಬಿಚ್ಚಬೇಕು, ವೀಲಿನ 22 ಮಿ.ಮೀ. ತೂತಿಗೆ ಏನಾದರೂ ವಾಷರ್ ತುರುಕಬೇಕು. ಮೂರು ತಪ್ಪನ್ನು ಒಟ್ಟಿಗೆ ಮಾಡದೆ ಆ ಕೆಲಸ ಆಗುವುದೇ ಇಲ್ಲ. ಹಾಗೇ ವೀಲ್ ನಡುವಿನ ಲೋಹದ ಬಳೆಯನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಅಕ್ಷರದಲ್ಲಿ ತಿಂಗಳು, ವರ್ಷ ಒತ್ತಿರುತ್ತದೆ. ಅದು ಅವಧಿ ಮುಗಿಯುವ ದಿನ.

ಲೇತ್ ಹತ್ತಿರ ಗ್ಲೌಸ್ ಬೇಡ ಎಂದು ಬರೆದದ್ದು ಅಚ್ಚಿನ ತಪ್ಪಲ್ಲ. ತಿರುಗುವ ಚಕ್‌ಗೆ (ಲೇತಿನಲ್ಲಿ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ಭಾಗ) ಗ್ಲೌಸಿನ ತುದಿ ಸಿಕ್ಕರೆ ಬೆರಳು ಮಾತ್ರ ಹೋಗುವುದಿಲ್ಲ, ತೋಳು ಹಿಂಬಾಲಿಸುತ್ತದೆ. ಉದ್ದ ತೋಳಿನ ಅಂಗಿ, ಲುಂಗಿ, ಕೈಗೆ ಕಟ್ಟಿದ ದೇವರ ದಾರ, ಎಲ್ಲಕ್ಕೂ ಇದೇ ಮಾತು. ಚಕ್ ಬಿಗಿಮಾಡುವ ಕೀಯನ್ನು ಚಕ್‌ನಲ್ಲೇ ಬಿಟ್ಟು ಸ್ವಿಚ್ ಹಾಕಿದವರ ಪತ್ರಗಳು ನಮಗೆ ಬರುತ್ತಲೇ ಇರುತ್ತವೆ, ಅವರಲ್ಲಿ ಹೊಸಬರು ಕಮ್ಮಿ. ಕೀ ಹೊರಗೆ ಬರುವವರೆಗೂ ಅದರಿಂದ ಕೈ ತೆಗೆಯಬಾರದು, ಅಷ್ಟು ಸಾಕು.

ಆಯುಧ ಪೂಜೆಗೆ ಕುಂಬಳಕಾಯಿ ಒಡೆಯುತ್ತೀರಿ, ಅದನ್ನು ನಾವು ಹಗುರಾಗಿ ಕಾಣುತ್ತೇವೆ ಅಂತ ಬೇಸರ ಮಾಡಿಕೊಂಡಿದ್ದೀರಿ. ಖಂಡಿತ ಇಲ್ಲ. ವರ್ಷದಲ್ಲಿ ಎಲ್ಲ ಮಿಷನ್ನೂ ಒಟ್ಟಿಗೆ ನಿಂತು, ತೊಳೆಸಿಕೊಂಡು, ಮೈ ತೋರಿಸುವ ದಿನ ಅದೊಂದೇ. ಅವತ್ತು ಜಾಕಿಯ ಬುಡದಲ್ಲಿ ಎಣ್ಣೆ ಜಿನುಗುತ್ತಿದೆಯಾ, ಬಿಚ್ಚಿಟ್ಟ ಗಾರ್ಡ್ ಯಾವ ಮೂಲೆಯಲ್ಲಿದೆ ಅಂತ ನೋಡಿ, ಸಿಕ್ಕಿದ್ದಕ್ಕೂ ಕುಂಕುಮ ಇಟ್ಟು ಜಾಗಕ್ಕೆ ಹಾಕಿ.

ಕೊನೆಗೆ ಹುಡುಗನ ಕಣ್ಣಿನ ವಿಷಯ. ಗ್ರೈಂಡಿಂಗ್ ಮಾಡುವಾಗ ಬಿದ್ದ ಕಬ್ಬಿಣದ ಚೂರನ್ನು ಪಂಚೆಯ ಚುಂಗಿನಿಂದ ತೆಗೆದೆವು, ಈಗಲೂ ಸ್ವಲ್ಪ ಕೆಂಪಿದೆ ಅಂತ ಬರೆದಿದ್ದೀರಿ. ಕಬ್ಬಿಣದ ಚೂರು ಕಣ್ಣಿನ ಕರಿಗುಡ್ಡೆಯ ಮೇಲೆ ಕೂತರೆ ಕೆಲವೇ ಗಂಟೆಗಳಲ್ಲಿ ಸುತ್ತಲೂ ತುಕ್ಕಿನ ಉಂಗುರ ಕಟ್ಟಬಹುದು. ಅದನ್ನು ಬಟ್ಟೆಯಿಂದ ತೆಗೆಯಲು ಆಗುವುದಿಲ್ಲ, ಕಣ್ಣಿನ ಡಾಕ್ಟರಿಗೇ ತೋರಿಸಬೇಕು. ಈ ಉತ್ತರ ಅಚ್ಚಾಗಿ ನಿಮ್ಮ ಕೈ ಸೇರುವವರೆಗೂ ಕಾಯುವುದು ಬೇಡ ಅಂತ ಇಷ್ಟನ್ನು ನಿಮಗೆ ಫೋನಿನಲ್ಲೇ ಹೇಳಿದ್ದೇವೆ. ಕಣ್ಣಿನ ಡಾಕ್ಟರು ಏನಂದರು ಅಂತ ತಿಳಿಸಿ.

– ಸಂಪಾದಕ