ತಯಾರಿಕೆ ನಿಂತ ಕಾರಿಗೆ ಅಸಲಿ ಬಿಡಿಭಾಗ
(ಓದುಗರ ಪ್ರಶ್ನೆ, ನಮ್ಮ ಉತ್ತರ: ವಾಹನ ವಿಭಾಗ)

ಪ್ರಶ್ನೆ: ನನ್ನ ಬಳಿ 2001ರ ಹೋಂಡಾ ಎಸ್2000 ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ಮುಂಭಾಗದಿಂದ ತಗಡಿನ ಡಬ್ಬಿಯಲ್ಲಿ ಕಲ್ಲು ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಟೈಮಿಂಗ್ ಚೈನಿನ ಟೆನ್ಷನರ್ (ಎಂಜಿನ್ನಿನೊಳಗಿನ ಚೈನನ್ನು ಬಿಗಿಯಾಗಿ ಹಿಡಿದಿಡುವ ಭಾಗ) ಬದಲಿಸಬೇಕೆಂದು ಮೆಕ್ಯಾನಿಕ್ ಹೇಳಿದರು. ಮಡಚುವ ಬಟ್ಟೆಯ ಟಾಪಿನ ಅಂಚಿನ ರಬ್ಬರ್ ಕೂಡ ಸೀಳಿ, ಮಳೆನೀರು ಸೀಟಿನ ಮೇಲೆ ತೊಟ್ಟಿಕ್ಕುತ್ತಿದೆ. ಇಲ್ಲಿನ ಡೀಲರ್ ಒಬ್ಬರು ‘ಆ ಕಾರು ನಿಂತು ಎಷ್ಟೋ ವರ್ಷವಾಯಿತು, ಪಾರ್ಟ್ಸ್ ಬರುವುದಿಲ್ಲ’ ಎಂದು ಒಂದೇ ಮಾತಿನಲ್ಲಿ ಕಳುಹಿಸಿಬಿಟ್ಟರು. ಕಂಪನಿ ಇಂತಿಷ್ಟು ವರ್ಷ ಪಾರ್ಟ್ಸ್ ಕೊಡಲೇಬೇಕೆಂಬ ಕಾನೂನಿಲ್ಲವೇ? ಜಪಾನಿನಿಂದ ತರಿಸಿಕೊಳ್ಳಬಹುದೇ?
– ಓದುಗರೊಬ್ಬರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ‘ಬರುವುದಿಲ್ಲ’ ಎಂಬ ಆ ಮಾತನ್ನು ಅಷ್ಟಕ್ಕೇ ನಂಬಿ ಹಿಂದಿರುಗಬೇಡಿ. ಎಸ್2000 ತಯಾರಿಕೆ 1999ರಲ್ಲಿ ಆರಂಭವಾಗಿ 2009ರಲ್ಲಿ ನಿಂತಿತು ಎಂಬುದು ನಿಜ; ಆದರೆ ಕಾರು ನಿಂತ ದಿನವೇ ಅದರ ಬಿಡಿಭಾಗಗಳೆಲ್ಲ ನಿಲ್ಲುವುದಿಲ್ಲ. ಉಗ್ರಾಣದಲ್ಲಿ ದಾಸ್ತಾನು ಮುಗಿದು ಮುಂದಿನ ಕಂತಿಗೆ ಕಾಯುತ್ತಿರುವ ಭಾಗ, ಹಳೆಯ ನಂಬರ್ ರದ್ದಾಗಿ ಹೊಸ ನಂಬರಿನಲ್ಲಿ ಬರುತ್ತಿರುವ ಭಾಗ, ಕಂಪನಿಯೇ ನಿಲ್ಲಿಸಿದ್ದರೂ ದೂರದ ಯಾವುದೋ ಡೀಲರ್‌ನ ಕಪಾಟಿನಲ್ಲಿ ಒಂದೆರಡು ಉಳಿದಿರುವ ಭಾಗ – ಈ ಮೂರೂ ಬೇರೆ ಬೇರೆ ಸಂಗತಿಗಳಾದರೂ ಕೌಂಟರಿನ ಮುಂದೆ ನಿಂತ ಗ್ರಾಹಕನ ಕಿವಿಗೆ ಒಂದೇ ಉತ್ತರವಾಗಿ ಬೀಳುತ್ತವೆ. ನಿಮ್ಮದು ಈ ಮೂರರಲ್ಲಿ ಯಾವುದೆಂದು ಮೊದಲು ತಿಳಿದುಕೊಳ್ಳಬೇಕು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸವೆದ ಭಾಗವನ್ನು ಕೈಯಲ್ಲಿ ಹಿಡಿದು ‘ಇಂಥದ್ದೇ ಕೊಡಿ’ ಎಂದರೆ ಕೆಲಸವಾಗುತ್ತದೆ. ಅಮೆರಿಕದ ಡೀಲರ್ ಬಳಿ ಹೆಸರು ಹೇಳಿ ಕೇಳಿದರೂ ಪ್ರಯೋಜನ ಕಡಿಮೆ. ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಕಾರಿನ 17 ಅಕ್ಷರಗಳ ಚಾಸಿಸ್ ಸಂಖ್ಯೆಯನ್ನೂ ಕೊಡಿ. ಹೋಂಡಾ ನಂಬರಿನಲ್ಲಿ ಮೂರು ತುಂಡುಗಳಿರುತ್ತವೆ. ನಿಮ್ಮ ಟೆನ್ಷನರ್‌ನದು 14510-ಪಿಸಿಎಕ್ಸ್-005. ಮೊದಲ ಐದು ಅಂಕಿಗಳು ಅದು ಯಾವ ಭಾಗವೆಂದು ಹೇಳುತ್ತವೆ, ನಡುವಿನ ಮೂರು ಅಕ್ಷರಗಳು ಅದನ್ನು ಮೊದಲು ಯಾವ ಎಂಜಿನ್ನಿಗೆ ಅಥವಾ ಮಾದರಿಗೆ ರೂಪಿಸಲಾಯಿತೆಂದು ತಿಳಿಸುತ್ತವೆ, ಕೊನೆಯ ತುಂಡು ತಿದ್ದುಪಡಿ ಆದಂತೆಲ್ಲ ಬದಲಾಗುತ್ತದೆ. ಹಳೆಯ ಕೈಪಿಡಿಯಲ್ಲಿರುವ ಕೊನೆಯ ಅಂಕಿಗಳನ್ನೇ ಟೈಪ್ ಮಾಡಿ ‘ಇಲ್ಲ’ ಎಂದು ಹೇಳುವವರಿದ್ದಾರೆ. ಬದಲಿ ನಂಬರ್ ಇದೆಯೇ ನೋಡಿ ಎಂದು ನೀವೇ ಕೇಳಬೇಕು.

ಆ ನಡುವಿನ ಅಕ್ಷರಗಳಿಂದ ಇನ್ನೊಂದು ಉಪಯೋಗವೂ ಇದೆ. ಅಲ್ಲಿ ‘ಪಿಸಿಎಕ್ಸ್’ ಇದ್ದರೆ ಆ ಭಾಗವನ್ನು ಈ ಕಾರಿನ ಎಂಜಿನ್ನಿಗೆಂದೇ ಮಾಡಲಾಗಿದೆ, ‘ಎಸ್2ಎ’ ಇದ್ದರೆ ಈ ಕಾರಿನ ದೇಹಕ್ಕೆಂದೇ ಮಾಡಲಾಗಿದೆ ಎಂದರ್ಥ. ಬೇರೆ ಸಂಕೇತವಿದ್ದರೆ ಅದು ಕಂಪನಿಯ ಇತರ ಕಾರುಗಳಿಗೂ ಹೊಂದುವ ಭಾಗವಾಗಿರುವ ಸಂಭವ ಹೆಚ್ಚು, ಆದ್ದರಿಂದ ಬೇಗ ಕಣ್ಮರೆಯಾಗುವುದಿಲ್ಲ. ನೀವು ಆತಂಕಪಡಬೇಕಾದದ್ದು ಮೊದಲ ಎರಡು ಗುಂಪುಗಳ ಬಗ್ಗೆ ಮಾತ್ರ.

ಕಾನೂನಿನ ವಿಷಯದಲ್ಲಿ ನಿಮಗೆ ನಿರಾಸೆಯಾದೀತು. ತಯಾರಿಕೆ ನಿಂತ ಮೇಲೂ ಹತ್ತು ವರ್ಷ ಬಿಡಿಭಾಗ ಪೂರೈಸಲೇಬೇಕೆಂಬ ಸಾಮಾನ್ಯ ನಿಯಮ ಅಮೆರಿಕದ ಫೆಡರಲ್ ಕಾಯ್ದೆಗಳಲ್ಲಿಲ್ಲ. ಆ ಮಾತು ಬಾಯಿಂದ ಬಾಯಿಗೆ ಹಬ್ಬಿರುವುದಷ್ಟೆ. ಇದ್ದಿದ್ದರೂ ನಿಮ್ಮ ಕಾರಿಗೆ ಆ ಅವಧಿ ಎಂದೋ ಮುಗಿದಿರುತ್ತಿತ್ತು.

ಜಪಾನಿನಿಂದ ತರಿಸಬಹುದು, ಆದರೆ ಕಣ್ಣು ಮುಚ್ಚಿ ತರಿಸುವಂತಿಲ್ಲ. ಅಲ್ಲಿನ ಕಾರಿಗೆ ಸ್ಟಿಯರಿಂಗ್ ಬಲಗಡೆ. ಹೆಡ್‌ಲೈಟಿನ ಬೆಳಕು ಬೀಳುವ ಕೋನವೂ ಡ್ಯಾಶ್‌ಬೋರ್ಡೂ ಬೇರೆ. ಎಂಜಿನ್ ಕೂಡ ಪೂರ್ತಿ ಒಂದೇ ಅಲ್ಲ: ಜಪಾನಿನ 2.0 ಲೀಟರ್ ಎಂಜಿನ್ನಿನ ಕಂಪ್ರೆಷನ್ (ಒಳಗೆಳೆದ ಗಾಳಿ-ಇಂಧನವನ್ನು ಎಷ್ಟು ಪಟ್ಟು ಒತ್ತುತ್ತದೆಂಬ ಅನುಪಾತ) 11.7, ನಿಮ್ಮದರದು 11.0, ಆದ್ದರಿಂದ ಪಿಸ್ಟನ್‌ನಂಥ ಒಳಭಾಗಗಳಿಗೆ ಅಲ್ಲಿನ ಪಟ್ಟಿ ನಂಬಬೇಡಿ. ನಂಬರ್ ಅಕ್ಷರಶಃ ಹೊಂದಿದರೆ ಮಾತ್ರ ಹಣ ಕಟ್ಟಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕದ ವಿನಾಯಿತಿ 2025ರ ಆಗಸ್ಟ್ 29ರಿಂದ ಇಲ್ಲವಾಗಿರುವುದರಿಂದ, ಸಾಗಣೆಯ ಜೊತೆಗೆ ಸುಂಕವನ್ನೂ ಲೆಕ್ಕ ಹಾಕಿ.

ಟಾಪಿನ ರಬ್ಬರ್ ಕೇಳುವಾಗ ಕಾರಿನ ವರ್ಷವನ್ನು ಒತ್ತಿ ಹೇಳಿ. ನಿಮ್ಮದರಲ್ಲಿ ಹಿಂಬದಿಯ ಕಿಟಕಿ ಪ್ಲಾಸ್ಟಿಕ್ಕಿನದು, 2002ರ ಮಾದರಿಯಿಂದ ಗಾಜು ಬಂತು. ಟಾಪಿನ ಭಾಗಗಳನ್ನು ಒಂದೇ ಎಂದು ಭಾವಿಸಿ ಕಳುಹಿಸುವವರಿದ್ದಾರೆ. ಹೊಸ ರಬ್ಬರ್ ಕೈಗೆ ಬರುವ ಮೊದಲು ಹಳೆಯದನ್ನು ಕಿತ್ತೆಸೆಯಬೇಡಿ. ಟೆನ್ಷನರ್ ಮಾತ್ರ ತಡಮಾಡುವ ವಸ್ತುವಲ್ಲ. ಚೈನು ಸಡಿಲಾದ ಎಂಜಿನ್ನನ್ನು 9,000 ಆರ್‌ಪಿಎಂಗೆ ಏರಿಸುವ ಚಪಲವನ್ನು ಅದು ಬರುವವರೆಗೆ ತಡೆದುಕೊಳ್ಳಿ. ಎಂಜಿನ್ನಿನ ಮುಂಭಾಗದ ಕವಚ ಬಿಚ್ಚದೆಯೇ ಹೊರಗಿನಿಂದ ಬದಲಿಸಬಹುದಾದ ಭಾಗವಿದು, ಕೂಲಿ ಹೆಚ್ಚಾಗದು.

ಪ್ರಶ್ನೆ: ನನ್ನದು 2006ರ ಎಸ್2000. ಮುಂದೆ ಸಿಗುವುದಿಲ್ಲವೆಂಬ ಭಯಕ್ಕೆ ಈಗಲೇ ಎಲ್ಲವನ್ನೂ ಕೊಂಡಿಡಲೇ, ಅಥವಾ ಬೇಕಾದಾಗ ಗುಜರಿಯಲ್ಲಿ ಹುಡುಕಲೇ?
– ಓದುಗರೊಬ್ಬರು, ನ್ಯೂಜೆರ್ಸಿ

ಉತ್ತರ: ಎಲ್ಲವನ್ನೂ ಬೇಡ. ರಬ್ಬರ್ ಕಪಾಟಿನಲ್ಲೇ ಗಟ್ಟಿಯಾಗುತ್ತದೆ. ಬುಷ್, ಹೋಸ್, ಬೀಡಿಂಗುಗಳನ್ನು ಹತ್ತು ವರ್ಷ ಕೂಡಿಟ್ಟು ಹಾಕಿದರೆ ಹೊಸದು ಹಾಕಿದಂತಾಗುವುದಿಲ್ಲ. ದುಡ್ಡು ಹಾಕುವುದಿದ್ದರೆ ಈ ಕಾರಿಗೆಂದೇ ಮಾಡಿದ, ಇಟ್ಟರೆ ಕೆಡದ ವಸ್ತುಗಳಿಗೆ ಹಾಕಿ: ಹೆಡ್‌ಲೈಟ್, ಒಳಗಿನ ಪ್ಲಾಸ್ಟಿಕ್ ಮುಚ್ಚಳಗಳು, ಟಾಪನ್ನು ಹಿಡಿದಿಡುವ ಕೊಂಡಿಗಳು. ಬಾಗಿಲು, ಬಾನೆಟ್, ಗೇರ್‌ಬಾಕ್ಸುಗಳನ್ನು ಗುಜರಿಯಲ್ಲಿ ನೋಡಿ ಕೊಂಡರೆ ತಪ್ಪಿಲ್ಲ. ಆದರೆ 2004ರ ಮಾದರಿಯಿಂದ ಅಮೆರಿಕದ ಕಾರಿಗೆ 2.2 ಲೀಟರ್ ಎಂಜಿನ್ ಬಂದು, ಗೇರ್‌ಬಾಕ್ಸೂ ಚಕ್ರಗಳೂ ಬದಲಾದವೆಂಬುದು ನೆನಪಿರಲಿ. ಮಾರುವವರು ‘ಎಸ್2000ದು’ ಎಂದಷ್ಟೇ ಹೇಳಿದರೆ ಯಾವ ವರ್ಷದ್ದೆಂದು ಕೇಳಿ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್‌ಗಳನ್ನು ಮಾತ್ರ, ಎಷ್ಟೇ ಅಗ್ಗವಾಗಿ ಸಿಕ್ಕರೂ, ಗುಜರಿಯಿಂದ ತರಬೇಡಿ. ಅಪಘಾತಕ್ಕೀಡಾದ ಕಾರಿನ ಬೆಲ್ಟ್ ಒಮ್ಮೆ ಜಗ್ಗಿಸಿಕೊಂಡಿತ್ತೋ ಇಲ್ಲವೋ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ.